ನೀರಿನಲ್ಲಿ ಕೂಡಿಸಬೇಕಾದ ಎಂಜಿನ್

ಸಿರುಗುಪ್ಪದ ಹತ್ತಿರ ಜನರನ್ನು ಹೊಳೆ ದಾಟಿಸುತ್ತಿದ್ದ ಹಾಯಿದೋಣಿಯ ಹಳೆಯ ಎಂಜಿನ್ ಬಿಚ್ಚಿ ಬೇರೆಯದನ್ನು ಕೂಡಿಸಿದವನು ನಾನು ಎಂದು ನಮ್ಮ ನೆಂಟರಲ್ಲಿ ಈಗಲೂ ಹೇಳುವವರಿದ್ದಾರೆ. ಅದು ಸುಳ್ಳು. ಪಾನಾ ಹಿಡಿದದ್ದು ನಾನು, ನಿಜ. ಯಾವ ನಟ್ಟನ್ನು ಎಷ್ಟು ತಿರುಗಿಸಬೇಕೆಂದು ಹೇಳಿದವನು ಬೇರೆ. ಕೂಡಿಸುವಾಗ ಅವನನ್ನು ದೋಣಿ ಹತ್ತಲು ಬಿಡಲಿಲ್ಲ.

ಅದು ಐವತ್ತೊಂದರ ಬೇಸಿಗೆ. ನಾನು ಬಳ್ಳಾರಿಯ ಒಂದು ವಾರಪತ್ರಿಕೆಯಲ್ಲಿ ಸುದ್ದಿ ಬರೆಯುತ್ತಿದ್ದೆ. ದೋಣಿಯ ಗುತ್ತಿಗೆದಾರರು ನನ್ನ ತಾಯಿಯ ಕಡೆಯ ನೆಂಟರು. ಮಾವ ಎಂದು ಕರೆಯುತ್ತಿದ್ದೆ. ಗಾಳಿ ಇದ್ದಾಗ ಹಾಯಿ, ಇಲ್ಲದಾಗ ಎಂಜಿನ್, ಹಾಗೆ ಆ ದೋಣಿ ನಡೆಯುತ್ತಿತ್ತು. ಆ ವರ್ಷ ಎಂಜಿನ್ನಿನ ಹೊಟ್ಟೆ ಸೀಳಿತು. ಮಾವ ಯುದ್ಧ ಮುಗಿದ ಮೇಲೆ ಹರಾಜಿಗೆ ಬಂದ ಮಿಲಿಟರಿ ಸಾಮಾನಿನಲ್ಲಿ ಒಂದು ಎಂಜಿನ್ ಹಿಡಿದು, ಅದನ್ನು ರಿಪೇರಿಗೆಂದು ಬಳ್ಳಾರಿಯ ಕೌಲ್ ಬಜಾರಿನ ಒಂದು ವರ್ಕ್‌ಶಾಪಿಗೆ ಹಾಕಿದರು.

ಅಲ್ಲಿ ಅದನ್ನು ಬಿಚ್ಚಿ, ತೊಳೆದು, ಜೀವ ಕೊಟ್ಟವನು ಕುರುಗೋಡಿನ ದಲಿತ ಕೇರಿಯವನು. ಮೂವತ್ತು ದಾಟಿದ ಆಳು. ಯುದ್ಧದಲ್ಲಿ ಬರ್ಮಾದ ನದಿಗಳಲ್ಲಿ ಸೈನ್ಯದ ದೋಣಿಗಳ ಎಂಜಿನ್ ನೋಡಿಕೊಂಡಿದ್ದ. ಊರಿಗೆ ಬಂದ ಮೇಲೆ ಎರಡು ವರ್ಷ ಕಲ್ಲು ಹೊತ್ತು, ಕೊನೆಗೆ ಈ ವರ್ಕ್‌ಶಾಪಿಗೆ ಸೇರಿದ್ದ. ಅಲ್ಲಿನ ಮುದಿ ಉಸ್ತಾದ್ ನನಗೆ ಹೇಳಿದ್ದು ನೆನಪಿದೆ: "ಇವನ ಕೈ ಸೋನಾ ಐತಿ ಸಾಬ್. ಬಾಯಿ ಮಾತ್ರ ಭಾರಿ ಕಂಜೂಸ್."

ಅವನಿಗೆ ಬೇಕಿದ್ದದ್ದು ಒಂದೇ, ದೋಣಿಯ ಎಂಜಿನ್ ಡ್ರೈವರ್ ಕೆಲಸ. ವರ್ಕ್‌ಶಾಪಿನಲ್ಲಿ ಅವನದು ದಿನಗೂಲಿ, ದೋಣಿಯದು ಕಾಯಂ. ಅಲ್ಲದೆ ಅದು ಅವನು ಕಲಿತ ವಿದ್ಯೆ. ನಾನೇ ಮಾವನ ಹತ್ತಿರ ಮಾತು ತೆಗೆದೆ. ಮಾವ ವರ್ಕ್‌ಶಾಪಿನ ಬಾಗಿಲಲ್ಲಿ ನಿಂತು, ಉಸ್ತಾದನ ಎದುರಿಗೇ ಹೇಳಿದರು: "ಎಂಜಿನ್ ಕೂಡಿಸಿ ಓಡಿಸ್ಲಿ, ಡ್ರೈವರ್ ಕೆಲಸ ಅವನದು. ನಾ ಮಾತು ಕೊಟ್ಟೀನಿ ಅಂದ್ರ ಕೊಟ್ಟೀನಿ."

ಎಂಜಿನ್ ಬಂಡಿಯಲ್ಲಿ ಸಿರುಗುಪ್ಪಕ್ಕೆ ಬಂತು. ದೋಣಿಯನ್ನು ದಂಡೆಗೆ ಎಳೆದು ದಿಮ್ಮಿಗಳ ಮೇಲೆ ನಿಲ್ಲಿಸಿದ್ದರು. ಇಳಿಸಿದ ಕೂಡಲೇ ಮಾವ ಎಂಜಿನ್ನಿಗೆ ಅರಿಸಿನ ಕುಂಕುಮ ಹಚ್ಚಿಸಿ, ಹಾರ ಹಾಕಿಸಿ, ಕಾಯಿ ಒಡೆಸಿದರು. ಆಮೇಲೆ ಕುರುಗೋಡಿನವನು ಪಾನಾ ಹಿಡಿದು ಹತ್ತಿರ ಬಂದಾಗ ಕೈ ಅಡ್ಡ ಮಾಡಿದರು. "ಪೂಜಿ ಆಗೇತಿ. ಇನ್ನ ನೀ ಮುಟ್ಟಬ್ಯಾಡ. ದೂರ ನಿಂತು ಹೇಳು."

ಒಂದು ತಿಂಗಳು ಅದೇ ಎಂಜಿನ್ನಿನ ಒಳಗೆ ಮೊಣಕೈವರೆಗೆ ಕೈ ಹಾಕಿದ್ದವನು ಅವನು. ಅದರೊಳಗಿನ ಒಂದೊಂದು ಉಂಗುರವನ್ನೂ ಅವನ ಬೆರಳೇ ಕೂಡಿಸಿತ್ತು. ಹೊರಗೆ ಒಂದು ಚಿಟಿಕೆ ಕುಂಕುಮ ಬಿದ್ದದ್ದೇ ಅವನು ಇಪ್ಪತ್ತು ಹೆಜ್ಜೆ ಆಚೆ ಜಾಲಿಗಿಡದ ಕೆಳಗೆ ಕೂರಬೇಕಾಯಿತು. ಅಸ್ಪೃಶ್ಯತೆಯನ್ನು ರದ್ದು ಮಾಡಿದ ಸಂವಿಧಾನದ ಸಾಲನ್ನು ನಮ್ಮ ಪತ್ರಿಕೆಗೆ ಕನ್ನಡಿಸಿದವನು ನಾನು. ಆ ಹೊತ್ತು ಅಲ್ಲೇ ನಿಂತಿದ್ದೆ. ಬಾಯಿ ತೆರೆಯಲಿಲ್ಲ. ಕೆಲಸ ಕೆಟ್ಟರೆ ಅವನ ನೌಕರಿಯೂ ಹೋದೀತು ಎಂದು ನನಗೆ ನಾನೇ ಹೇಳಿಕೊಂಡೆ. ಈಗ ನೋಡಿದರೆ ಅದು ಬರಿಯ ನೆಪ.

ಹೀಗಾಗಿ ಕೆಲಸಕ್ಕೆ ನಿಂತವರು ನಾನು ಮತ್ತು ಮುದಿ ಅಂಬಿಗ. ಹಳೆಯ ಎಂಜಿನ್ನಿನ ನಾಲ್ಕು ಬೋಲ್ಟುಗಳು ತುಕ್ಕಿನಲ್ಲಿ ಕಚ್ಚಿಕೊಂಡಿದ್ದವು. ಸೀಮೆಎಣ್ಣೆ ಸುರಿದು ಒಂದು ದಿನ ಕಾದೆವು. ನನ್ನ ಅಂಗೈ ನೋಡಿ ಅಂಬಿಗ ನಕ್ಕ: "ಏನ್ರೀ ಪೇಪರ್‌ನೋರ, ಪೆನ್ನು ಹಿಡಿಯೋ ಕೈಗೆ ಬೊಬ್ಬಿ ಬಂದ್ವೇನು? ಇದನ್ನೂ ಬರೀರಿ ಮತ್ತ!" ಗಿಡದ ಕೆಳಗಿನಿಂದ ದನಿ ಬಂತು: "ಎಡಗಡಿದು ಕಿರ್ ಅಂತು. ನಿಂದರ್ರಿ, ಮುರೀತೈತಿ. ಹಿಂದಕ್ಕ ಅರ್ಧ ಸುತ್ತು ಬರ್ರಿ." ಅವನು ಕಿವಿಯಿಂದಲೇ ಬೋಲ್ಟು ಬಿಚ್ಚಿಸಿದ. ಮೂರು ಬೇವಿನ ಕಂಬ ಕಟ್ಟಿ, ಸರಪಳಿ ಹಾಕಿ, ಹಳೆಯದನ್ನು ಎತ್ತಿ ಇಳಿಸಿದೆವು. ಹೊಸದನ್ನು ಅದೇ ಕಂಬಗಳಿಂದ ಒಳಗೆ ಇಳಿಸಿದೆವು.

ತೊಂದರೆ ಬಂದದ್ದು ಜೋಡಣೆಯಲ್ಲಿ. ಎಂಜಿನ್ನಿನ ದಂಡಕ್ಕೂ ನೀರಿನಲ್ಲಿ ತಿರುಗುವ ಪಂಖದ ದಂಡಕ್ಕೂ ತುದಿಯಲ್ಲಿ ಒಂದೊಂದು ಕಬ್ಬಿಣದ ಬಿಲ್ಲೆ ಇರುತ್ತದೆ. ಆ ಎರಡು ಬಿಲ್ಲೆ ಸುತ್ತಲೂ ಒಂದೇ ಸಮ ಕೂಡಬೇಕು. ಅವನು ಎದ್ದು ನಿಂತು ಮಾವನಿಗೆ ಹೇಳಿದ: "ಬಿಲ್ಲೆ ಈಗ ಬಿಗೀಬ್ಯಾಡ್ರಿ. ನೆಲದ ಮ್ಯಾಲಿನ ದೋಣಿ ಬ್ಯಾರೆ, ನೀರಾಗಿನ ದೋಣಿ ಬ್ಯಾರೆ. ನೀರಿಗೆ ಬಿಟ್ಟ ಮ್ಯಾಲೆ ಮರ ಸಡಲತೈತಿ. ಆಗ ಬಿಗೀಬೇಕು."

"ಮುಹೂರ್ತ ಇವತ್ತೈತಿ," ಎಂದರು ಮಾವ. "ಬಿಗಿದು ನೀರಿಗೆ ಬಿಡೋದು ಪದ್ಧತಿ. ನಮಗೆ ದೋಣಿ ಕಲಿಸಾಕ ಬರಬ್ಯಾಡ."

ಬಿಗಿದೆವು. ದೋಣಿಯನ್ನು ನೀರಿಗೆ ಬಿಟ್ಟು ಮಾವ, ನಾನು, ಅಂಬಿಗ ಹೊರಟೆವು. ನಡುಹೊಳೆ ತಲುಪುವ ಮುನ್ನವೇ ಕಾಲಡಿಯ ಹಲಗೆ ಜ್ವರ ಬಂದವರಂತೆ ನಡುಗತೊಡಗಿತು. ಹಿಂದುಗಡೆ ದಂಡ ಹಾಯುವ ತೂತಿನಿಂದ ಹೊಗೆ ಬಂತು, ಅದರ ಹಿಂದೆ ನೀರು. ಮಾವ ಹಗ್ಗ ಹಿಡಿದು ದಂಡೆಯ ಕಡೆ ಕೂಗಿದರು: "ಲೇ, ಏನು ಮಾಡಬೇಕಲೇ?"

ಅವನು ಆಗಲೇ ಎದೆಮಟ್ಟ ನೀರಿಗೆ ಇಳಿದಿದ್ದ. "ಎಂಜಿನ್ ನಿಲ್ಲಿಸ್ರಿ! ಹಾಯಿ ಏರಿಸ್ರಿ!"

ಹಾಯಿ ಏರಿಸಿ, ನೀರು ಮೊಗೆಯುತ್ತ ದಂಡೆಯ ಹತ್ತಿರ ಬಂದೆವು. ಮಾವನ ಮುಖದಲ್ಲಿ ರಕ್ತ ಇರಲಿಲ್ಲ. "ಹತ್ತಲೇ," ಎಂದರು. ಅಷ್ಟೇ. ಮಡಿ, ಮುಹೂರ್ತ, ಪದ್ಧತಿ, ಯಾವುದರ ಮಾತೂ ಬರಲಿಲ್ಲ. ಜೀವಕ್ಕೆ ಬಂದಾಗ ಧರ್ಮ ಎಷ್ಟು ಬೇಗ ದಾರಿ ಬಿಡುತ್ತದೆ ಎಂಬುದನ್ನು ಅವತ್ತು ನೋಡಿದೆ.

ಅವನು ಹತ್ತಿದ. ಬಿಲ್ಲೆ ಸಡಿಲಿಸಿದ. ನನ್ನ ಚೀಲದಲ್ಲಿದ್ದ ಪತ್ರಿಕೆಯ ಹಾಳೆ ಕೇಳಿ, ಬೆರಳಗಲದ ಪಟ್ಟಿ ಹರಿದು, ಎರಡು ಬಿಲ್ಲೆಗಳ ನಡುವೆ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ತೂರಿಸಿ ನೋಡಿದ. ಒಂದು ಕಡೆ ಪಟ್ಟಿ ಸರಾಗ ಜಾರಿತು, ಇನ್ನೊಂದು ಕಡೆ ಹರಿಯಿತು. ಸೀಮೆಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಎಂಜಿನ್ನಿನ ಕಾಲಡಿಗೆ ಒಂದೊಂದೇ ಚೂರು ಕೊಟ್ಟ. ಸುತ್ತಲೂ ಪಟ್ಟಿ ಒಂದೇ ಬಿಗಿಯಲ್ಲಿ ಬರುವ ಹೊತ್ತಿಗೆ ಸಂಜೆಯಾಗಿತ್ತು. ಎಂಜಿನ್ ಹಚ್ಚಿ, ಅದರ ಮೇಲೆ ನೀರು ತುಂಬಿದ ಲೋಟ ಇಟ್ಟ. ತುಳುಕಲಿಲ್ಲ. "ಅಬ್ಬಾ, ಮದಿವಿ ಹೆಣ್ಣಿನಂಗ ಕುಂತೈತಿ," ಎಂದ ಅಂಬಿಗ.

ಎರಡು ದಿನ ಅವನೇ ಓಡಿಸಿದ. ಮೂರನೆಯ ದಿನ ಮಾವ ಪುರೋಹಿತರನ್ನು ಕರೆಸಿ ದೋಣಿಗೆಲ್ಲ ಗೋಮೂತ್ರ ಚಿಮುಕಿಸಿ, ತಮ್ಮ ಹೆಂಡತಿಯ ತಮ್ಮನನ್ನು ಎಂಜಿನ್ ಪಕ್ಕ ಕೂರಿಸಿದರು. ಹ್ಯಾಂಡಲ್ ತಿರುಗಿಸುವುದನ್ನು ಆ ಎರಡು ದಿನಗಳಲ್ಲಿ ಕುರುಗೋಡಿನವನಿಂದಲೇ ಕಲಿತಿದ್ದ ಆ ಭಾವಮೈದುನ.

ನಾನು ಹೋಗಿ ಕೇಳಿದೆ. "ಮಾತು ಕೊಟ್ಟದ್ದು ಖರೇ," ಎಂದರು ಮಾವ. "ಆದ್ರ ಮಂದಿ ಹತ್ತಬೇಕಲ್ಲಪಾ? ಅವ ಕುಂತ ದೋಣಿಯಾಗ ತೆಕ್ಕಲಕೋಟಿ ಮಂದಿ ಕಾಲಿಡ್ತಾರೇನು?"

ಇಟ್ಟಿದ್ದರು. ಅವನು ಓಡಿಸಿದ ಎರಡೂ ದಿನ ತೆಕ್ಕಲಕೋಟೆಯ ಜನ ಮೆಣಸಿನಕಾಯಿ ಚೀಲಗಳ ಸಮೇತ ದೋಣಿ ತುಂಬಿದ್ದರು. ಎಂಜಿನ್ ಪಕ್ಕ ಕೂತವನು ಯಾವ ಕೇರಿಯವನೆಂದು ಒಬ್ಬನೂ ಕೇಳಲಿಲ್ಲ. ಕಣ್ಣಾರೆ ಕಂಡದ್ದನ್ನು ಹೇಳಿದೆ. ಮಾವ ಊಟಕ್ಕೆ ಎದ್ದರು.

ಮಳೆ ಹಿಡಿಯುವ ಹೊತ್ತಿಗೆ ದೋಣಿ ಮತ್ತೆ ನಡುಗಿತು. ಭಾವಮೈದುನನಿಗೆ ಬಿಲ್ಲೆಯ ಬೋಲ್ಟು ಆಗಾಗ ಬಿಗಿಯಬೇಕೆಂಬುದೇ ಗೊತ್ತಿರಲಿಲ್ಲ. ಮಾವ ನನ್ನನ್ನು ಕೌಲ್ ಬಜಾರಿಗೆ ಕಳಿಸಿದರು. ಕುರುಗೋಡಿನವನು ಮತ್ತೆ ಅಲ್ಲೇ ದಿನಗೂಲಿಗಿದ್ದ; ಕಬ್ಬಿಣಕ್ಕೆ ಅರ ಹಾಕುತ್ತಿದ್ದ ಕೆಲಸ ನಿಲ್ಲಿಸದೆ ಕೇಳಿಸಿಕೊಂಡ.

"ಡ್ರೈವರ್ ಅಂತ ಬರದು ಸಹಿ ಮಾಡಿದ ಕಾಗದ ತರ್ರಿ, ಈಗ ಬರ್ತೀನಿ. ನಡುಹೊಳ್ಯಾಗ ಹೆದರಿದ್ರ ಹತ್ತು ಅಂತಾರ, ದಂಡಿ ಮುಟ್ಟಿದ್ರ ಇಳಿ ಅಂತಾರ. ಹಂಗ ನಾ ಇನ್ನ ಹತ್ತಂಗಿಲ್ಲ."

"ಸಹಿ ಅಂದ್ರ ಪಕ್ಕಾ ಸಹಿ," ಎಂದ ಉಸ್ತಾದ್, ಬೀಡಿ ಹಚ್ಚುತ್ತ. "ಬಾಯಿಮಾತು ನಮ್ಮ ಅಂಗಡಿಯಾಗ ಭಾಳ ಸ್ಟಾಕ್ ಐತಿ ಸಾಬ್."

ಆ ಮಾತುಗಳನ್ನು ಒಂದಕ್ಷರ ಬಿಡದೆ ಮಾವನಿಗೆ ಒಪ್ಪಿಸಿದೆ. "ಅವನಿಗೆ ಇಷ್ಟು ಸೊಕ್ಕು ಬಂತೇನು?" ಎಂದರು. ಸೊಕ್ಕಲ್ಲ, ನೀವು ಕೊಟ್ಟ ಮಾತು, ಅದನ್ನೇ ಬರೆದುಕೊಡಿ ಎನ್ನುತ್ತಿದ್ದಾನೆ, ಎಂದೆ. ಅಂದಿನಿಂದ ನನ್ನೊಡನೆ ಮಾತು ಬಿಟ್ಟರು.

ಕಾಗದ ಬರಲಿಲ್ಲ, ಅವನೂ ಹೋಗಲಿಲ್ಲ. ಒಂದು ಸಹಿಗೆ ಮುಗಿಯುವ ಕೆಲಸ. ಅದನ್ನು ಹಾಕಲಾರದೆ ಮಾವ, ಕೆಡದ ಎಂಜಿನ್ನನ್ನು ಗೋಣಿತಟ್ಟು ಹೊದಿಸಿ ಇಟ್ಟರು. ಆ ಮಳೆಗಾಲವೆಲ್ಲ ಜನ, ಕೂಸು ಕುನ್ನಿ ಕಟ್ಟಿಕೊಂಡು, ಎರಡೂ ದಂಡೆಗಳಲ್ಲಿ ಗಾಳಿ ಬೀಸುವುದನ್ನು ಕಾಯುತ್ತ ಕೂತರು.