ತೊಳೆಯದ ಹಲಗೆ

ಮರಿಮೊಮ್ಮಗಳು ಇವತ್ತು ಮುಖಕ್ಕೆ ಮುಲ್ತಾನಿ ಮಿಟ್ಟಿ ಮೆತ್ತಿಕೊಂಡು ಎದುರಿಗೆ ಬಂದು ಕೂತಳು. ಆ ಹಸಿಮಣ್ಣಿನ ವಾಸನೆಗೆ ಹಳೆಯ ಹಲಗೆಯೊಂದು ನೆನಪಾಯಿತು.

ನಾನು ಹುಡುಗಿಯಾಗಿದ್ದಾಗ ಕಂಪ್ಲಿಯಲ್ಲಿ ಅಮೀನಾ ಖಾಲಾ, ಅಂದರೆ ಅಮೀನಾ ಚಿಕ್ಕಮ್ಮ, ನಮಗೆ ಅರಬ್ಬಿ ಕಲಿಸುವಾಗ ಮರದ ಹಲಗೆಗೆ ಇದೇ ಮಣ್ಣು ಬಳಿಸುತ್ತಿದ್ದರು. ಅದು ಒಣಗಿದ ಮೇಲೆ ದಿನಕ್ಕೊಂದು ಪದ, ಅದರ ಮೂಲದ ಮೂರು ಅಕ್ಷರ, ಅರ್ಥ ಬರೆಯಬೇಕು. "ಅರ್ಥ ತಿಳೀದ ಕುರಾನ್ ಓದಿದ್ರ ಗಿಣಿ ಓದಿದಂಗವ್ವ," ಅನ್ನುತ್ತಿದ್ದರು. ಹಲಗೆ ತೊಳೆದ ನೀರನ್ನು ಯಾರೂ ತುಳಿಯಬಾರದೆಂದು ದಾಳಿಂಬೆ ಗಿಡದ ಬುಡಕ್ಕೇ ಹೊಯ್ಯುತ್ತಿದ್ದೆವು.

ಅಂದಿನ ಪದ 'ಸಿದ್‌ಕ್', ಅಂದರೆ ಸತ್ಯ. ಖಾಲಾ ಅವರ ಮಗಳು ಜುಬೇದಾ ನನ್ನ ಪಕ್ಕದಲ್ಲಿ ಬರೆಯುತ್ತಿದ್ದಳು. ಜಂತಿಯಿಂದ ಇಲಿಯೊಂದು ನಮ್ಮಿಬ್ಬರ ನಡುವೆ ದೊಪ್ಪನೆ ಬಿದ್ದು ಸತ್ತಿತು. ಇಲಿ ಬಿತ್ತೆಂದರೆ ಪ್ಲೇಗು. ಸುದ್ದಿ ಹೊರಬಿದ್ದರೆ ಮನೆಗೆ ಬೀಗ, ಎಲ್ಲರೂ ಊರಾಚೆಯ ಗುಡಿಸಲಿಗೆ.

ಖಾಲಾ ಇಲಿಯ ಮೇಲೆ ಮೊರ ಕವುಚಿದರು. "ಶುಕ್ರವಾರ ಜುಬೇದಾನ ನಿಕಾ ಐತಿ. ನಾಕು ದಿನ ಯಾರಿಗೂ ಹೇಳಬ್ಯಾಡ್ರವ್ವ," ಅಂದರು. ಆಮೇಲೆ ಪಾಠ ಮುಂದುವರಿಸಿದರು. ನಮ್ಮ ಕಣ್ಣು ಮಾತ್ರ ಮೊರದ ಮೇಲೇ ಇತ್ತು.

ನಾನು ಅವ್ವನಿಗೂ ಹೇಳಲಿಲ್ಲ. ಬುಧವಾರ ಜುಬೇದಾಳಿಗೆ ಜ್ವರ ಬಂತು. ಶುಕ್ರವಾರ ಮದುವೆಗೆ ಹಾಕಿದ್ದ ಚಪ್ಪರದ ಕೆಳಗಿನಿಂದಲೇ ಅವಳ ಶವ ಹೊತ್ತ ಜನಾಜಾ ಹೊರಟಿತು.

'ಸಿದ್‌ಕ್' ಎಂದು ಅವಳು ಬರೆದಿದ್ದ ಹಲಗೆ ಗೋಡೆಯ ಗೂಡಿನಲ್ಲೇ ಉಳಿಯಿತು. ಅದನ್ನು ತೊಳೆಯಲು ಖಾಲಾ ಯಾರನ್ನೂ ಬಿಡಲಿಲ್ಲ.

ಮರಿಮೊಮ್ಮಗಳು ಮುಖ ತೊಳೆದು ಬಂದಳು. ಹತ್ತಿರ ಕರೆದು ಹಣೆ ಮುಟ್ಟಿ ನೋಡಿದೆ.

"ನನಗೇನಾಗೇತಿ ಅಜ್ಜಿ?" ಎಂದು ನಕ್ಕಳು.

ಬರುವ ಶುಕ್ರವಾರ ಅವಳ ನಿಕಾ.