ಬಿಳಿ ಚಾದರಗಳ ದೊಡ್ಡಮ್ಮ

ಬೆಳಗಿನ ಐದಕ್ಕೆ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ದೀಪ ಹೊತ್ತಿಕೊಳ್ಳುತ್ತದೆ. ಅರವತ್ತೇಳರ ಹೆಂಗಸೊಬ್ಬಳು ರಬ್ಬರ್ ಕೈಗವಸು ತೊಟ್ಟು, ರಾಶಿ ಬಿದ್ದ ಚಾದರಗಳನ್ನು ಒಂದೊಂದಾಗಿ ಕೊಡವುತ್ತಾಳೆ. ಸೂಜಿ, ಗುಂಡಿ, ಕೆಲವೊಮ್ಮೆ ಯಾರದೋ ಹಲ್ಲುಸೆಟ್ಟು. ಯಂತ್ರಕ್ಕೆ ಹಾಕುವ ಮುನ್ನ ಎಲ್ಲವನ್ನೂ ಹೆಕ್ಕಬೇಕು. ದಿನಕ್ಕೆ ಆರುನೂರು ಚಾದರ. ಬೆರಳ ಗೆಣ್ಣುಗಳು ಮಡಿಸಿದರೆ ಬಿಚ್ಚುವುದಿಲ್ಲ, ಬಿಚ್ಚಿದರೆ ಮಡಿಯುವುದಿಲ್ಲ. ಇಲ್ಲಿ ಎಲ್ಲರಿಗೂ ಅವಳು ದೊಡ್ಡಮ್ಮ.

ಆ ಹೆಸರಿಟ್ಟವಳು ಆಗ ಐದು ವರ್ಷದ ಹುಡುಗಿ, ಗಂಡನನ್ನು ಬಿಟ್ಟು ಬಂದ ಟೈಲರಮ್ಮನ ಮಗಳು. ಟೈಲರಮ್ಮ, ದೊಡ್ಡಮ್ಮ ಒಬ್ಬರಿಗೊಬ್ಬರು ಮನಸ್ಸು ಕೊಟ್ಟು, ಎರಡು ಕೋಣೆಯ ಮನೆಯಲ್ಲಿ ಮೂವತ್ತೊಂದು ವರ್ಷ ಸಂಸಾರ ಮಾಡಿದರು. ಕೇಳಿದವರಿಗೆ ಮಾತ್ರ ಅಕ್ಕತಂಗಿ. "ಮುಖ ಒಂಚೂರೂ ಹೋಲಲ್ವಲ್ಲ ಅನ್ನೋರು. ಇವಳು ಅಪ್ಪನ ಹಾಗೆ, ನಾನು ಅಮ್ಮನ ಹಾಗೆ ಅಂತ ಅವಳು ಬಾಯಿ ಮುಚ್ಚಿಸೋಳು," ಎಂದು ದೊಡ್ಡಮ್ಮ ನಗುತ್ತಾಳೆ.

ಹುಡುಗಿಗೆ ಜಡೆ ಹಾಕಿ ಶಾಲೆಗೆ ಬಿಡುತ್ತಿದ್ದವಳು ದೊಡ್ಡಮ್ಮನೇ. ಹದಿನಾರರಲ್ಲಿ ಹುಡುಗಿಗೆ ಯಾರೋ ನಿಜ ಹೇಳಿದರು, ಹೇಳಿದ್ದಲ್ಲ, ಆಡಿಕೊಂಡರು. ಅಂದಿನಿಂದ ಅವಳು ದೊಡ್ಡಮ್ಮನಿಗೆ ತಲೆಗೂದಲು ಮುಟ್ಟಗೊಡಲಿಲ್ಲ. ಮದುವೆಯಾದ ಮೇಲೆ ಆ ಮನೆಯ ಹೊಸಿಲನ್ನೇ ತುಳಿಯಲಿಲ್ಲ.

ಮೂರು ವರ್ಷದ ಹಿಂದೆ ಟೈಲರಮ್ಮ ಇದೇ ಆಸ್ಪತ್ರೆ ಸೇರಿದಾಗ ಮಗಳು ಬಂದಳು. ಒಳಗೆ ಯಾರನ್ನು ಬಿಡಬೇಕೆಂದು ಕೇಳಿದ ನರ್ಸಿಗೆ ದೊಡ್ಡಮ್ಮನ ಎದುರೇ ಹೇಳಿದಳು: "ಅವರು ಮನೇಲಿ ಬಾಡಿಗೆಗಿದ್ದೋರು."

ಬಾಡಿಗೆಯವಳಿಗೆ ವಾರ್ಡಿನ ಬಾಗಿಲು ಮುಚ್ಚಿತು. ದೊಡ್ಡಮ್ಮ ಒಗೆದ ಬಟ್ಟೆಯ ಗಾಡಿ ತಳ್ಳುವ ಪಾಳಿ ಕೇಳಿ ಪಡೆದಳು. "ಚಾದರ ಬದಲಾಯಿಸೋಕೆ ಯಾರ ಅಪ್ಪಣೆ ಬೇಕು? ನಾಲ್ಕು ನಿಮಿಷದ ಕೆಲಸ, ನಾನು ಏಳು ನಿಮಿಷ ಮಾಡ್ತಿದ್ದೆ. ಸುಕ್ಕು ಬಿಟ್ಟಿದೀಯ, ಇನ್ನೊಂದ್ಸಲ ಹಾಸು ಅನ್ನೋಳು ಅವಳು." ಹೀಗೆ ಒಂಬತ್ತು ದಿನ. ಹತ್ತನೆಯ ಬೆಳಗ್ಗೆ ಹಾಸಿಗೆ ಬರಿದಾಗಿತ್ತು. ಯಾರೂ ಹೇಳಿ ಕಳಿಸಿರಲಿಲ್ಲ. "ಕೆಳಗೆ ಬಂದು ಆರುನೂರೂ ಒಗೆದೆ. ಅದರಲ್ಲಿ ಅವಳದು ಯಾವುದೋ, ಗೊತ್ತಾಗ್ಲಿಲ್ಲ."

ಆಮೇಲೆ ದೊಡ್ಡಮ್ಮನಿಗೆ ಒಲೆ ಹಚ್ಚಲೂ ಮನಸ್ಸಿರಲಿಲ್ಲ. ಕಳೆದ ವರ್ಷ ಒಂದು ಗುರುವಾರ, ಮಧ್ಯಾಹ್ನದ ಬಿಡುವಿನಲ್ಲಿ, ಹದಿನೆಂಟರ ಹುಡುಗಿಯೊಬ್ಬಳು ನೆಲಮಾಳಿಗೆಗೆ ಇಳಿದು ಬಂದಳು. "ನಮ್ಮಜ್ಜಿ ಜೊತೆ ಇದ್ದೋರು ನೀವೇ ಅಲ್ವಾ?" ಟೈಲರಮ್ಮನ ಮೊಮ್ಮಗಳು, ಅಮ್ಮನ ಕಣ್ಣು ತಪ್ಪಿಸಿ ಬಂದಿದ್ದಳು. ಮುಂದೆ ಗುರುವಾರ ತಪ್ಪಿಸಲಿಲ್ಲ. ದೊಡ್ಡಮ್ಮ ಇಬ್ಬರಿಗೆ ಬುತ್ತಿ ಕಟ್ಟತೊಡಗಿದಳು. ಅಜ್ಜಿಯ ಕಥೆ ಕೇಳಲು ಬಂದವಳು ಬರಬರುತ್ತಾ ತನ್ನಮ್ಮನ ಬಾಲ್ಯವನ್ನೇ ಕೇಳಿದಳು. ದೊಡ್ಡಮ್ಮ ಎಲ್ಲ ಹೇಳಿದಳು, ಬಾಡಿಗೆಯ ಮಾತೊಂದನ್ನು ಬಿಟ್ಟು. "ಹೆತ್ತೋಳ ಮೇಲೆ ಮಗೂ ಕಿವಿಗೆ ವಿಷ ಹಾಕ್ಬಾರ್ದು."

ಈಗ ಐದು ಗುರುವಾರದಿಂದ ಹುಡುಗಿಯ ಸುಳಿವಿಲ್ಲ. ಬುತ್ತಿ ಇಬ್ಬರದೇ ಬರುತ್ತದೆ; ಅರ್ಧ ಹಾಗೇ ಮರಳುತ್ತದೆ. "ಅವಳಮ್ಮನಿಗೆ ಗೊತ್ತಾಗಿರ್ಬೇಕು," ಎನ್ನುತ್ತಾಳೆ ದೊಡ್ಡಮ್ಮ, ಒದ್ದೆ ಕೈ ಒರೆಸಿಕೊಳ್ಳುತ್ತ.

ಏನಾದರೂ ಆಸೆ ಇದೆಯೇ ಎಂದರೆ ಬುತ್ತಿಯ ಮುಚ್ಚಳ ಒತ್ತಿ ಮುಚ್ಚುತ್ತಾಳೆ.

"ಅವಳಮ್ಮ ಒಂದ್ಸಲ ಬರ್ಲಿ. ಬೈಯೋಕಾದ್ರೂ ಬರ್ಲಿ. ನಿಂತ್ಕೊಂಡು ಬೈದ್ರೆ ಕಾಲು ನೋಯುತ್ತೆ ಮಗಾ, ಕೂತ್ಕೊಂಡು ಬೈಯಿ ಅಂತೀನಿ."