ಆಯಿಲ್ ಕೂಲರಿಗೆ ನಿತ್ಯ ಸ್ನಾನ

ಸೇಡಂನ ಸಿದ್ಧಲಿಂಗನಿಗೆ ದೇವರು ಬಾಯಿಯನ್ನೇನೋ ಕೊಟ್ಟಿದ್ದ, ಅದಕ್ಕೆ ಬಾಗಿಲು ಇಡುವುದನ್ನು ಮರೆತಿದ್ದ. ಹೀಗೆಂದು ಅವನ ಹೆಂಡತಿ ರಾಜೇಶ್ವರಿ ಟೀಚರು ಯಾರೆದುರಿಗೂ ಹೇಳಿದವಳಲ್ಲ. ಮದುವೆಯಾದಾಗಿನಿಂದ ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ಬಂದಿದ್ದಳು. ಅಂಗಡಿಯಲ್ಲಿ ಕೂತು ರೈತರಿಗೆ ಪೈಪು, ಪಂಪ್‌ಸೆಟ್ಟು ಮಾರುವ ಈ ಮನುಷ್ಯ, ರೊಟ್ಟಿ ಬಡಿಯುತ್ತಿದ್ದವಳ ಹಿಂದೆ ನಿಂತು ರೊಟ್ಟಿ ಬಡಿಯುವುದು ಹೇಗೆಂದು ಹೇಳುತ್ತಿದ್ದ. ಅರ್ಧ ಆಯುಷ್ಯ ಶಾಲೆಯಲ್ಲೇ ಕಳೆದವಳಿಗೆ ಮಕ್ಕಳನ್ನು ಸುಮ್ಮನೆ ಕೂರಿಸುವುದು ಹೇಗೆಂದು ಹೇಳುತ್ತಿದ್ದ. ಹೆತ್ತವಳಿಗೆ ಬಾಣಂತನದ ಪಾಠವನ್ನೂ ಹೇಳಿದ್ದ. ಮಗಳು ಮದುವೆಯಾಗಿ ಬೀದರಿಗೆ ಹೋದಮೇಲೆ ಅವನ ಉಪದೇಶಕ್ಕೆ ಮನೆಯಲ್ಲಿ ಉಳಿದ ಕಿವಿಗಳು ಇವಳವು ಮಾತ್ರ.

ಹೀಗಿರುವಾಗ ಅವಳಿಗೆ ಬಡ್ತಿ ಬಂತು. ಚಿಂಚೋಳಿಯ ಶಾಲೆಗೆ ಮುಖ್ಯ ಗುರುಮಾತೆ. ಜನ ಪೇಢೆ ತಿಂದು ಶುಭ ಕೋರಿದರು. ಆದರೆ ರಾಜೇಶ್ವರಿಗೆ ಖುಷಿಯಾದದ್ದು ಕುರ್ಚಿಗಲ್ಲ. ಜೊತೆಗೆ ಕಲಿತ ಅಮೀರ್‌ಬೀ ಚಿಂಚೋಳಿಯಲ್ಲೇ ಟೀಚರಾಗಿದ್ದಳು, ಅವಳ ಮನೆಯ ಮಾಳಿಗೆಯ ಮೇಲೆ ಒಂದು ಕೋಣೆ ಖಾಲಿ ಇತ್ತು. ಸೋಮವಾರದಿಂದ ಶನಿವಾರದವರೆಗೆ ಅಲ್ಲಿ ಒಬ್ಬಳೇ ಇರಬೇಕು. ತನ್ನ ಚಹಾ ತಾನು ಮಾಡಿಕೊಳ್ಳಬೇಕು, ಸಕ್ಕರೆ ಹೆಚ್ಚಾಯಿತೆಂದು ಯಾರೂ ಹೇಳಬಾರದು. ಗಂಡನಿಗೆ ತಿಳಿಸದೆ ಕೋಣೆಗೆ ಮಾತು ಕೊಟ್ಟು ಬಂದಳು.

ಮನೆಗೆ ಬಂದರೆ ಸಿದ್ಧಲಿಂಗ ಆಗಲೇ ತೀರ್ಮಾನ ಮಾಡಿ ಕೂತಿದ್ದ.

"ಅಲ್ಲಿರೂದು ಗಿಲ್ಲಿರೂದು ಏನೂ ಬ್ಯಾಡ ರಾಜೀ. ಗಾಡಿ ಯಾಕದ? ದಿನಾ ಮುಂಜಾನಿ ನಾ ಬಿಟ್ಟು ಬರ್ತೀನಿ, ಸಂಜೀಕ ಕರ್ಕೊಂಡು ಬರ್ತೀನಿ."

"ಅಷ್ಟು ದೂರ ದಿನಾ ಓಡಿಸಿದ್ರ ಇಂಜಿನ್ ಉಳಿತದೇನ್ರಿ?" ಎಂದು ಅವಳು ಬಾಯಿಗೆ ಬಂದ ನೆಪವನ್ನು ಹೇಳಿದಳು. ಅದೇ ತಪ್ಪಾಯಿತು.

ಸಿದ್ಧಲಿಂಗ ಮೊಬೈಲಿನಲ್ಲಿ ವಿಡಿಯೋ ನೋಡಲು ಕೂತ. ನಾಲ್ಕು ವಿಡಿಯೋ ನೋಡಿ ಎದ್ದಾಗ ಇಂಜಿನಿಯರೇ ಆಗಿಹೋಗಿದ್ದ. ಅವನದು ಟರ್ಬೊ ಇರುವ ಡೀಸೆಲ್ ಕಾರು. ಟರ್ಬೊ ಕಾಯ್ದರೆ ಇಂಜಿನ್ ಎಣ್ಣೆ ಕಾಯುತ್ತದೆ, ಕಾಯ್ದ ಎಣ್ಣೆ ನೀರಿನಂತಾಗುತ್ತದೆ, ಆದ್ದರಿಂದ ಆಯಿಲ್ ಕೂಲರ್ ಹಾಕಲೇಬೇಕು ಎಂದು ಪಕ್ಕದ ಮನೆಯ ನರಸಪ್ಪನನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ವಿವರಿಸಿದ. ಪಾಪ, ನರಸಪ್ಪನ ಬಳಿ ಇದ್ದದ್ದು ಸೈಕಲ್ಲು. ಕಾರಿಗಂತೂ ಯಾವ ರೋಗವೂ ಇರಲಿಲ್ಲ. ಕಲಬುರಗಿಗೆ ಬೇಸಿಗೆಯಲ್ಲೂ ತೆಪ್ಪಗೆ ಹೋಗಿ ತೆಪ್ಪಗೆ ಬರುತ್ತಿತ್ತು.

ಹೈದರಾಬಾದಿನಿಂದ ಕೂಲರಿನ ಡಬ್ಬಿ ತರಿಸಿದ. ಒತ್ತೊತ್ತಾಗಿ ತೆಳು ತಗಡಿನ ಪಟ್ಟಿಗಳಿದ್ದ ಅದನ್ನು ರೇಡಿಯೇಟರಿನ ಮುಂದೆ ಬಿಗಿದ. ಎಣ್ಣೆ ಎರಡು ಪೈಪುಗಳಲ್ಲಿ ಇದರೊಳಗೆ ಬಂದು, ಎದುರುಗಾಳಿಗೆ ತಣ್ಣಗಾಗಿ, ಮತ್ತೆ ಇಂಜಿನ್ನಿಗೆ ಹೋಗಬೇಕು. ಮೆಕ್ಯಾನಿಕ್ಕನ್ನು ಹತ್ತಿರ ಸುಳಿಯಗೊಡಲಿಲ್ಲ. ಹುಟ್ಟಿದಾಗಿನಿಂದ ಪೈಪು ಮಾರಿದವನಿಗೆ ಪೈಪು ಜೋಡಿಸಲು ಬರುವುದಿಲ್ಲವೇ! ಜೋಡಿಸಿದ್ದೇನೋ ನೆಟ್ಟಗೇ ಇತ್ತು. ರಾಜೇಶ್ವರಿಗೆ ಅದೂ ಸಿಟ್ಟು ತರಿಸಿತು.

ಆಮೇಲೆ ಶುರುವಾಯಿತು ಪೂಜೆ. ಮುಂಜಾನೆ ಎದ್ದು ಮೈತೊಳೆದು, ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆ ಮುಗಿಸುವುದು ಅವನ ಮನೆತನದ ನಡಾವಳಿ. ಈಗ ಅದು ಮುಗಿದದ್ದೇ ತಡ, ಅಂಗಳಕ್ಕೆ ಇಳಿದು ಗಾಡಿಯ ಮುಂದಿನ ಜಾಳಿಯೊಳಗಿಂದ ಕೂಲರಿಗೆ ಪೈಪು ಹಿಡಿಯುತ್ತಿದ್ದ. ಬಯಲಲ್ಲಿ ನಿಲ್ಲುವ ಗಾಡಿ, ಊರಾಚೆಯ ಸಿಮೆಂಟು ಕಾರ್ಖಾನೆ ಕಡೆಯಿಂದ ಬೀಸುವ ಗಾಳಿ. ರಾತ್ರಿ ಕಳೆಯುವುದರೊಳಗೆ ಎಲ್ಲದರ ಮೇಲೂ ಬೂದು ಪುಡಿ ಕೂರುತ್ತಿತ್ತು. ಗಾಡಿಯ ಮೈಯನ್ನು ಒಣ ಬಟ್ಟೆಯಿಂದ ಝಾಡಿಸುವಷ್ಟು ಬುದ್ಧಿ ಅವನಿಗಿತ್ತು. ಆದರೆ ಆ ಪಟ್ಟಿಗಳ ಸಂದಿಯಲ್ಲಿ ಬಟ್ಟೆ ಹೋಗದು. ಅದಕ್ಕೇ ಅಲ್ಲಿಗೆ ನೀರಿನ ಅಭಿಷೇಕ. ಲಿಂಗಕ್ಕೆ ಒಂದು ತಂಬಿಗೆಯಾದರೆ ಕೂಲರಿಗೆ ಎರಡು ಬಕೀಟು.

ರಾಜೇಶ್ವರಿ ಕಿಟಕಿಯಲ್ಲಿ ನಿಂತು ನೋಡುತ್ತಿದ್ದಳು. ಅವಳು ಹುಟ್ಟಿ ಬೆಳೆದದ್ದು ವಾಡಿಯಲ್ಲಿ. ಅಪ್ಪ ಸಾಯಬಣ್ಣ ಅಲ್ಲಿನ ಕಾರ್ಖಾನೆಯಲ್ಲಿ ಸಿಮೆಂಟು ಚೀಲ ತುಂಬುವ ಕೆಲಸದಲ್ಲಿದ್ದ. ಅವನು ಕೆಲಸದಿಂದ ಬಂದರೆ ಅವ್ವ ಅಂಗಿಯನ್ನು ಹಿತ್ತಲಲ್ಲಿ ಹತ್ತು ಸಲ ಕೊಡವಿದ ಮೇಲೆಯೇ ನೀರಿಗೆ ಹಾಕುತ್ತಿದ್ದಳು. ಕೊಡವದೆ ನೆನೆಸಿದ ಅಂಗಿ ಒಣಗಿದ ಮೇಲೆ ಹಂಚಿನ ಹಾಗೆ ನಿಲ್ಲುತ್ತದೆಂದು ವಾಡಿಯ ಕೂಸಿಗೂ ಗೊತ್ತು. ಸಿಮೆಂಟು ನೀರು ಕುಡಿದರೆ ಕಲ್ಲು. ಆ ಸಂದಿಗಳಲ್ಲಿ ದಿನಕ್ಕೊಂದು ಪದರ ಕಲ್ಲು ಕಟ್ಟುತ್ತಿರುವುದು ಅವಳಿಗೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು.

ಹೇಳಿದರೆ ಕೇಳುವ ಪ್ರಾಣಿಯೇ ಇದು, ಎಂದು ಅವಳು ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಂಡಳು. ಅದು ಅರ್ಧ ನಿಜ. ಉಳಿದರ್ಧ ಇಷ್ಟೇ: ಆ ಡಬ್ಬಿ ಕಲ್ಲಾದರೆ ಮಾಳಿಗೆಯ ಕೋಣೆ ತನ್ನದು. ಬಾಯಿ ಹೊಲಿದುಕೊಂಡು ನಾಷ್ಟಾ ಬಡಿಸಿದಳು. ಅವನು ಉಪ್ಪಿಟ್ಟಿನ ರವೆ ಹುರಿಯುವ ಬಗೆ ವಿವರಿಸುತ್ತ ತಿಂದ.

ಹಾಜರಾಗುವ ದಿನ ಬಂತು. ಕೂಲರ್ ಹಾಕಿದ ಮೇಲೆ ಗಾಡಿ ಮನೆಯಿಂದ ಅಂಗಡಿಗೆ ಹೋಗಿದ್ದು ಬಿಟ್ಟರೆ ಎಲ್ಲೂ ಹೋಗಿರಲಿಲ್ಲ. ಮೊದಲ ದೂರದ ಓಟ ಅವಳ ಬಡ್ತಿಗೇ ಮೀಸಲು ಎಂದು ಅವನ ಹಟ. ರಾಜೇಶ್ವರಿ ಬೇಗ ಹೊರಡೋಣ ಎಂದಳು. ನಡುದಾರಿಯಲ್ಲಿ ಗಾಡಿ ಕೈಕೊಟ್ಟರೂ ಬಸ್ಸು ಸಿಗುವಂತೆ ಲೆಕ್ಕ ಹಾಕಿದ್ದಳು.

ನಡುದಾರಿಯ ಸುಲೇಪೇಟ ಬರುವ ಮೊದಲೇ ಬಿಸಿಯ ಮುಳ್ಳು ಮೇಲೇರಿತು. "ಮುಳ್ಳಽ ಸುಳ್ಳು ತೋರಸ್ಲಿಕತ್ತದ," ಎಂದ ಸಿದ್ಧಲಿಂಗ. ಎಣ್ಣೆಯ ಕೆಂಪು ದೀಪ ಹತ್ತಿತು. "ವೈರ್ ಲೂಜ್ ಆಗಿರಬೇಕು," ಎಂದ. ಆಮೇಲೆ ಇಂಜಿನ್ನಿನೊಳಗೆ ಏನೋ ಕೂಗಿಕೊಂಡಿತು, ಹಿಂದಿನಿಂದ ನೀಲಿ ಹೊಗೆ ಎದ್ದಿತು, ಗಾಡಿ ಒಂದು ಬಸ್‌ಸ್ಟಾಪಿನ ಎದುರು ಜಗ್ಗಿ ನಿಂತಿತು.

ಬಿಸಿ ಆರಿದ ಮೇಲೆ ಅವನು ಮುಂದಿನ ಜಾಳಿ ಬಿಚ್ಚಿ ಕೂಲರನ್ನು ಉಗುರಿನಿಂದ ಕೆರೆದ. ಪಟ್ಟಿಗಳೇ ಕಾಣಲಿಲ್ಲ. ಎದುರಿಗಿದ್ದದ್ದು ಒಂದು ಬೂದು ಹಲಗೆ. ಗಾಳಿ ಅದನ್ನು ದಾಟಿ ಹಿಂದಿನ ರೇಡಿಯೇಟರಿಗೂ ಹೋಗುವಂತಿರಲಿಲ್ಲ.

"ಸಿಮೆಂಟ್ ಕಟ್ಯಾದಲ್ಲ ರಾಜೀ," ಎಂದ. ದನಿ ಸಣ್ಣಗಾಗಿತ್ತು. "ನಿಮ್ಮಪ್ಪ ಇದರಾಗೇ ದುಡದಾಂವ. ನಿನಗರೆ ತಿಳೀಲಿಲ್ಲೇನು?"

"ತಿಳದಿತ್ತು."

"ಮತ್ತ ಯಾಕ ಹೇಳಲಿಲ್ಲ?"

"ನನಗ ಚಿಂಚೋಳಿಯಾಗ ಒಬ್ಬಾಕೀನೇ ಇರಬೇಕಾಗಿತ್ತು. ರೂಮ್ ಹಿಡದೀನಿ."

ಅವನು ಎಣ್ಣೆಯಾದ ಕೈಯನ್ನು ಹೆಗಲ ಟವೆಲ್ಲಿಗೆ ಒರೆಸಿಕೊಳ್ಳುತ್ತ ನಿಂತ. "ಅಮೀರ್‌ಬೀ ಗಂಡ ನಲ್ಲಿ ಒಯ್ಲಿಕ್ಕ ಅಂಗಡಿಗೆ ಬಂದಾಗ ಹೇಳಿದ್ದ," ಎಂದ. "ಗಾಡಿ ಛಲೋ ಓಡಿದ್ರ ನೀ ಸಂಜೀಕ ಮನೀಗೆ ಬರ್ತಿ ಅಂತ ಇದನ್ನ ಹಾಕಿದ್ದೆ."

ರಾಜೇಶ್ವರಿ ಏನಾದರೂ ಚುಚ್ಚಿ ಹೇಳಬೇಕೆಂದುಕೊಂಡಳು. ಅಷ್ಟರಲ್ಲಿ ಬಸ್ಸು ಬಂತು. ತುಂಬಿ ತುಳುಕುತ್ತಿತ್ತು. ಯಾರೋ ಇಳಿಯಲು ಎದ್ದದ್ದನ್ನು ಕಂಡ ಸಿದ್ಧಲಿಂಗ ಓಡಿಹೋಗಿ ಕಿಟಕಿಯೊಳಗೆ ಟವೆಲ್ಲು ಎಸೆದು ಸೀಟು ಹಿಡಿದ. ಅವಳ ಚೀಲವನ್ನು ಮೇಲೆತ್ತಿಕೊಟ್ಟ. ಬಸ್ಸು ಹೊರಟರೂ ಅವನ ಬಾಯಿ ಮುಚ್ಚಲಿಲ್ಲ.

"ಮೊದಲು ಹಾಜರಿ ಹಾಕು, ಆಮ್ಯಾಗ ಚಹಾ ಕುಡಿ! ರೂಮಿನ ಕಿಡಕಿಗೆ ಜಾಳಿ ಅದನೋ ಇಲ್ಲೋ ನೋಡ್ಕೋ, ಅಲ್ಲಿ ಸೊಳ್ಳಿ ಭಾಳ!"

ಎಂಥ ಮನುಷ್ಯ ಇವನು! ಇಂಜಿನ್ ಸುಟ್ಟುಕೊಂಡು ರಸ್ತೆಯಲ್ಲಿ ನಿಂತಿದ್ದಾನೆ, ಸೊಳ್ಳೆಯ ಪಾಠ ಹೇಳುತ್ತಾನೆ. ಅವಳು ತಿರುಗಿ ನೋಡಲಿಲ್ಲ.

ಶಾಲೆಯಲ್ಲಿ ಹೊತ್ತಿಗೆ ಸರಿಯಾಗಿ ಹಾಜರಿ ಹಾಕಿದಳು. ಸಂಜೆ ಮಾಳಿಗೆ ಹತ್ತಿ ಕೋಣೆಯ ಬೀಗ ತೆಗೆದವಳು ಚೀಲ ಇಳಿಸುವ ಮೊದಲೇ ಕಿಟಕಿ ನೋಡಿದಳು. ಜಾಳಿ ಇರಲಿಲ್ಲ. ದೀಪ ಹಚ್ಚುತ್ತಿದ್ದಂತೆ ಸೊಳ್ಳೆಗಳು ದಂಡುಗಟ್ಟಿ ಬಂದವು. ಬೈಯೋಣವೆಂದರೆ ಕೋಣೆಯಲ್ಲಿ ಯಾರೂ ಇರಲಿಲ್ಲ.